ಬೋಲ್ಟ್ ಆಕ್ಷನ್ ರೈಫಲ್

ಬೋಲ್ಟ್ ಆಕ್ಷನ್ ರೈಫಲ್ ಎಂದರೆ ನಳಿಗೆಯ ಹಿಂತುದಿಯನ್ನು ಬೋಲ್ಟ್ ಎಂಬ ಉಕ್ಕಿನ ದಂಡದಿಂದ ಮುಚ್ಚಿ, ಪ್ರತಿಯೊಂದು ಗುಂಡಿಗೂ ಆ ಬೋಲ್ಟನ್ನು ಕೈಯಿಂದಲೇ ಹಿಂದಕ್ಕೂ ಮುಂದಕ್ಕೂ ಸರಿಸಿ ಹಾರಿಸುವ ಬಂದೂಕು. 19ನೆಯ ಶತಮಾನದ ಕೊನೆಯಿಂದ ಎರಡನೆಯ ಮಹಾಯುದ್ಧದವರೆಗೆ ಇದು ಬಹುತೇಕ ದೇಶಗಳ ಪದಾತಿದಳದ ಮುಖ್ಯ ಆಯುಧವಾಗಿತ್ತು. ಜರ್ಮನಿಯ ಮೌಸರ್, ಬ್ರಿಟನ್ನಿನ ಲೀ-ಎನ್‌ಫೀಲ್ಡ್ ಮತ್ತು ರಷ್ಯಾದ ಮೊಸಿನ್-ನಾಗಾಂತ್ ಇದರ ಪ್ರಸಿದ್ಧ ಮಾದರಿಗಳು. ಹೊರನೋಟಕ್ಕೆ ಇವು ಒಂದೇ ಬಗೆಯವಾಗಿ ಕಂಡರೂ ಬೋಲ್ಟ್ ಎಲ್ಲಿ ಬಿಗಿಯುತ್ತದೆ, ಸ್ಪ್ರಿಂಗ್ ಯಾವಾಗ ಸಿದ್ಧವಾಗುತ್ತದೆ, ತೋಟೆ ಹೇಗೆ ಒಳಹೋಗುತ್ತದೆ ಎಂಬ ವಿಷಯಗಳಲ್ಲಿ ಬೇರೆಬೇರೆಯಾಗಿವೆ. ಬಲ, ವೇಗ ಮತ್ತು ಸರಳತೆಗಳಲ್ಲಿ ಯಾವುದಕ್ಕೆ ಆದ್ಯತೆ ನೀಡಲಾಗಿದೆ ಎಂಬುದು ಈ ವ್ಯತ್ಯಾಸಗಳಿಂದ ತಿಳಿಯುತ್ತದೆ.

ಕಾರ್ಯವಿಧಾನ

ಕೊಡಗು ಮತ್ತು ಮಲೆನಾಡಿನಲ್ಲಿ ಪರಿಚಿತವಾದ ಜೋಡುನಳಿಗೆ ಕೋವಿಯು ಕೀಲಿನ ಬಳಿ ಬಾಗಿ ತೆರೆದುಕೊಳ್ಳುತ್ತದೆ. ಬೋಲ್ಟ್ ರೈಫಲ್ ಹಾಗಲ್ಲ. ಅದು ಬಾಗಿಲಿನ ಚಿಲಕವನ್ನು ಹೋಲುತ್ತದೆ. ಹಿಡಿಯನ್ನು ಮೇಲೆತ್ತಿದಾಗ ಬೀಗ ಸಡಿಲಗೊಳ್ಳುತ್ತದೆ. ಹಿಂದಕ್ಕೆ ಎಳೆದಾಗ ಖಾಲಿ ತೋಟೆ ಹೊರಬೀಳುತ್ತದೆ. ಮುಂದಕ್ಕೆ ತಳ್ಳಿದಾಗ ಮ್ಯಾಗಜೀನಿನಿಂದ ಹೊಸ ತೋಟೆ ನಳಿಗೆಯನ್ನು ಸೇರುತ್ತದೆ. ಹಿಡಿಯನ್ನು ಕೆಳಗಿಳಿಸಿದಾಗ ಬೋಲ್ಟ್ ಮತ್ತೆ ಬಿಗಿಯುತ್ತದೆ. ಪ್ರಷ್ಯಾ 1841ರಲ್ಲಿ ಸ್ವೀಕರಿಸಿದ ಡ್ರೈಸೆ ಸೂಜಿ ಬಂದೂಕು ಸೇನೆಯ ಬಳಕೆಗೆ ಬಂದ ಮೊದಲ ಬೋಲ್ಟ್ ಆಕ್ಷನ್ ಆಯುಧಗಳಲ್ಲಿ ಒಂದು. ಮುಂದೆ ಲೋಹದ ತೋಟೆ ಮತ್ತು ಹೊಗೆರಹಿತ ಮದ್ದು ಬಳಕೆಗೆ ಬಂದ ಮೇಲೆ ಒಳಗಿನ ಒತ್ತಡ ಬಹಳ ಹೆಚ್ಚಿ, ಬೋಲ್ಟಿನ ಬಲವೇ ವಿನ್ಯಾಸಕಾರರ ಮುಖ್ಯ ಪ್ರಶ್ನೆಯಾಯಿತು.

ಬೋಲ್ಟ್ ಬಿಗಿಯುವ ಸ್ಥಾನ

ಮದ್ದು ಉರಿದಾಗ ಉಂಟಾಗುವ ಒತ್ತಡವನ್ನು ಬೋಲ್ಟಿನ ಮೇಲಿರುವ ಲಗ್ ಎಂಬ ಗಟ್ಟಿ ಉಬ್ಬುಗಳು ತಡೆಯುತ್ತವೆ. 1898ರ ಮೌಸರ್ ಮಾದರಿಯಲ್ಲಿ ಎರಡು ಮುಖ್ಯ ಲಗ್‌ಗಳು ಬೋಲ್ಟಿನ ಮುಂತುದಿಯಲ್ಲಿ, ತೋಟೆಯ ಬೆನ್ನಿಗೆ ಹತ್ತಿರದಲ್ಲಿವೆ. ಹಿಂಭಾಗದಲ್ಲಿ ಸುರಕ್ಷತೆಗಾಗಿ ಮೂರನೆಯದೊಂದು ಇದೆ. ತೋಟೆಯ ತಳ ಒಡೆದರೆ ಬಿಸಿ ಅನಿಲ ಹಾರಿಸುವವನ ಮುಖಕ್ಕೆ ಬಾರದಂತೆ ಬೋಲ್ಟಿನಲ್ಲಿ ರಂಧ್ರಗಳನ್ನೂ ಇಡಲಾಗಿದೆ.

ಲೀ-ಎನ್‌ಫೀಲ್ಡ್‌ನಲ್ಲಿ ಲಗ್‌ಗಳು ಬೋಲ್ಟಿನ ಹಿಂಭಾಗದಲ್ಲಿವೆ. ಇದರಿಂದ ಹಿಡಿಯನ್ನು ಸುಮಾರು 60 ಡಿಗ್ರಿ ಎತ್ತಿದರೆ ಸಾಕು. ಮೌಸರ್‌ನಲ್ಲಿ 90 ಡಿಗ್ರಿ ಎತ್ತಬೇಕು. ಬೋಲ್ಟ್ ಸಾಗುವ ದೂರವೂ ಕಡಿಮೆ. ಆದರೆ ಹಿಂದೆ ಬಿಗಿದ ಬೋಲ್ಟ್ ಒತ್ತಡಕ್ಕೆ ಸ್ವಲ್ಪ ಕುಗ್ಗುವುದರಿಂದ ತೋಟೆಯ ಲೋಹ ಹಿಗ್ಗುತ್ತದೆ. ಅತಿ ಹೆಚ್ಚಿನ ಒತ್ತಡದ ತೋಟೆಗಳಿಗೆ ಮುಂಭಾಗದ ಲಗ್‌ಗಳೇ ಹೆಚ್ಚು ಸೂಕ್ತವೆಂದು ಪರಿಗಣಿಸಲಾಗಿದೆ.

ಸ್ಪ್ರಿಂಗ್ ಸಿದ್ಧವಾಗುವ ಹಂತ

ಮೌಸರ್ 98ರಲ್ಲಿ ಹಿಡಿಯನ್ನು ಎತ್ತುವಾಗಲೇ ಹೊಡೆಸೂಜಿಯ ಸ್ಪ್ರಿಂಗ್ ಬಿಗಿಯುತ್ತದೆ. ಅದೇ ಚಲನೆಯಲ್ಲಿ ಖಾಲಿ ತೋಟೆಯನ್ನೂ ಸಡಿಲಿಸಬೇಕಾದ್ದರಿಂದ ಎತ್ತಲು ಹೆಚ್ಚು ಬಲ ಬೇಕು. ಲೀ-ಎನ್‌ಫೀಲ್ಡ್‌ನಲ್ಲಿ ಬೋಲ್ಟನ್ನು ಮುಂದಕ್ಕೆ ತಳ್ಳುವಾಗ ಸ್ಪ್ರಿಂಗ್ ಬಿಗಿಯುತ್ತದೆ. ಹಿಡಿ ಹಗುರವಾಗಿ ಮೇಲೇಳುವುದರಿಂದ ತರಬೇತಾದ ಸೈನಿಕನು ಬಂದೂಕನ್ನು ಭುಜದಿಂದ ಇಳಿಸದೆಯೇ ಬೇಗಬೇಗ ಹಾರಿಸಬಲ್ಲ.

ತೋಟೆಯ ಹಿಡಿತ ಮತ್ತು ಮ್ಯಾಗಜೀನ್

ಮೌಸರ್‌ನ ಉದ್ದನೆಯ ಕೊಕ್ಕೆ ತೋಟೆಯನ್ನು ಮ್ಯಾಗಜೀನಿನಿಂದ ಮೇಲೇಳುವಾಗಲೇ ಹಿಡಿದುಕೊಳ್ಳುತ್ತದೆ. ಬೋಲ್ಟನ್ನು ಅರ್ಧಕ್ಕೆ ನಿಲ್ಲಿಸಿ ಹಿಂದಕ್ಕೆ ಎಳೆದರೂ ಆ ತೋಟೆ ಹೊರಬರುತ್ತದೆ. ಎರಡು ತೋಟೆಗಳು ಸಿಕ್ಕಿಕೊಳ್ಳುವ ಅಪಾಯ ಕಡಿಮೆ. ಅಪಾಯಕಾರಿ ಪ್ರಾಣಿಗಳ ಬೇಟೆಯ ರೈಫಲ್‌ಗಳಲ್ಲಿ ಈ ಗುಣಕ್ಕೆ ವಿಶೇಷ ಬೆಲೆಯಿತ್ತು. 1962ರಲ್ಲಿ ಬಂದ ಅಮೆರಿಕದ ರೆಮಿಂಗ್ಟನ್ 700 ಮಾದರಿಯಲ್ಲಿ ಬೋಲ್ಟ್ ತೋಟೆಯನ್ನು ಕೇವಲ ತಳ್ಳುತ್ತದೆ; ಪೂರ್ತಿ ಮುಚ್ಚಿದಾಗ ಮಾತ್ರ ಕೊಕ್ಕೆ ಹಿಡಿಯುತ್ತದೆ. ಇದರ ತಯಾರಿಕೆ ಸುಲಭ, ಖರ್ಚೂ ಕಡಿಮೆ.

ಮೌಸರ್ 98 ಮತ್ತು ಮೊಸಿನ್-ನಾಗಾಂತ್ ಐದು ತೋಟೆಗಳನ್ನು ಹಿಡಿದರೆ, ಲೀ-ಎನ್‌ಫೀಲ್ಡ್ ಹತ್ತನ್ನು ಹಿಡಿಯುತ್ತದೆ.

ನೇರ ಎಳೆತದ ಬೋಲ್ಟ್

ಆಸ್ಟ್ರಿಯಾದ ಮಾನ್ಲಿಷರ್ ಮತ್ತು ಸ್ವಿಟ್ಜರ್ಲೆಂಡಿನ ಶ್ಮಿಟ್-ರೂಬಿನ್ ರೈಫಲ್‌ಗಳಲ್ಲಿ ಹಿಡಿಯನ್ನು ತಿರುಗಿಸದೆ ನೇರವಾಗಿ ಎಳೆದರೆ ಸಾಕು. ಚಲನೆಗಳ ಸಂಖ್ಯೆ ಕಡಿಮೆಯಾದರೂ ಒಳಗಿನ ರಚನೆ ಜಟಿಲವಾಗಿರುತ್ತದೆ. ಇದೇ ಬಗೆಯ ಕೆನಡಾದ ರಾಸ್ ರೈಫಲ್ ಗುರಿಯಲ್ಲಿ ನಿಖರವಾಗಿದ್ದರೂ ಮೊದಲ ಮಹಾಯುದ್ಧದ ಕಂದಕಗಳ ಕೆಸರಿನಲ್ಲಿ ಪದೇಪದೇ ಸಿಕ್ಕಿಕೊಂಡಿತು. ಶತ್ರುವಿನ ಎದುರು ಬೋಲ್ಟ್ ತೆರೆಯದೆ ಸೈನಿಕರು ಅಸಹಾಯಕರಾದರು. ಕೊನೆಗೆ ಕೆನಡಾದ ಪಡೆಗಳಿಗೆ ಅದರ ಬದಲು ಲೀ-ಎನ್‌ಫೀಲ್ಡ್ ನೀಡಲಾಯಿತು.

ಭಾರತದಲ್ಲಿ ಬಳಕೆ

ಮೊದಲ ಮಹಾಯುದ್ಧದ ಪ್ಯಾಲೆಸ್ಟೈನ್ ಕಾರ್ಯಾಚರಣೆಯಲ್ಲಿ ಮೈಸೂರು ಸಂಸ್ಥಾನದ ಅಶ್ವದಳವೂ ಭಾಗವಹಿಸಿತ್ತು. ಅಲ್ಲಿ ಬ್ರಿಟಿಷ್ ಪಕ್ಷದ ಪದಾತಿಗಳ ಲೀ-ಎನ್‌ಫೀಲ್ಡ್ ಮತ್ತು ತುರ್ಕಿ ಸೇನೆಯ ಮೌಸರ್ ಎದುರುಬದುರಾದವು. ಆದರೆ 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಸವಾರರು ಹೈಫಾ ಪಟ್ಟಣವನ್ನು ಗೆದ್ದ ದಾಳಿ ಮುಖ್ಯವಾಗಿ ಈಟಿ ಹಿಡಿದು ನಡೆಸಿದ್ದೆಂದು ಪ್ರಸಿದ್ಧವಾಗಿದೆ.

ತ್ರೀ-ನಾಟ್-ತ್ರೀ ಎಂದು ಕರೆಯಲಾಗುವ .303 ಅಂಗುಲದ ಲೀ-ಎನ್‌ಫೀಲ್ಡ್ ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. 1962ರ ಯುದ್ಧದಲ್ಲಿ ಭಾರತೀಯ ಪದಾತಿಗಳು ಇದನ್ನೇ ಹಿಡಿದು, ಅರೆ-ಸ್ವಯಂಚಾಲಿತ ಮತ್ತು ಸ್ವಯಂಚಾಲಿತ ಆಯುಧಗಳಿದ್ದ ಚೀನೀ ಸೈನಿಕರನ್ನು ಎದುರಿಸಬೇಕಾಯಿತು. ಕೈಯಿಂದ ಬೋಲ್ಟ್ ಎಳೆಯುವ ರೈಫಲ್ ಎಷ್ಟೇ ವೇಗದ್ದಾದರೂ ಅದಕ್ಕೊಂದು ಮಿತಿಯಿದೆ ಎಂಬುದು ಅಲ್ಲಿ ಸ್ಪಷ್ಟವಾಯಿತು. ಅದೇ ದಶಕದಲ್ಲಿ ಇಶಾಪುರದಲ್ಲಿ ಹೆಚ್ಚು ಬಲವಾದ ಉಕ್ಕಿನಿಂದ 7.62 ಮಿ.ಮೀ. ತೋಟೆಯ 2ಎ ಮತ್ತು 2ಎ1 ಮಾದರಿಗಳನ್ನು ತಯಾರಿಸಲಾಯಿತು. ಸೇನೆ ಸ್ವಯಂಭರ್ತಿ ರೈಫಲ್‌ಗಳಿಗೆ ಬದಲಾದ ನಂತರವೂ .303 ಹಲವು ರಾಜ್ಯಗಳ ಪೊಲೀಸ್ ಪಡೆಗಳಲ್ಲಿ ದಶಕಗಳ ಕಾಲ ಉಳಿಯಿತು. ಎನ್‌ಸಿಸಿ ಕೆಡೆಟ್‌ಗಳ ಗುರಿ ಅಭ್ಯಾಸಕ್ಕೆ .22 ಅಂಗುಲದ ಬೋಲ್ಟ್ ಆಕ್ಷನ್ ರೈಫಲ್ ಬಳಕೆಯಲ್ಲಿದೆ.

ಹೋಲಿಕೆಯ ಸಾರ

ಬಲ ಮತ್ತು ತೋಟೆಯ ಹಿಡಿತದಲ್ಲಿ ಮೌಸರ್, ಹಾರಿಸುವ ವೇಗ ಮತ್ತು ತೋಟೆಗಳ ಸಂಖ್ಯೆಯಲ್ಲಿ ಲೀ-ಎನ್‌ಫೀಲ್ಡ್ ಮುಂದಿವೆ. ಆದ್ದರಿಂದ ಯಾವುದು ಉತ್ತಮ ಎಂಬ ಪ್ರಶ್ನೆಗೆ ಉತ್ತರ ಬಳಕೆಯನ್ನು ಅವಲಂಬಿಸಿದೆ. ಇಂದಿನ ಬೇಟೆ ಮತ್ತು ದೂರಗುರಿಯ ರೈಫಲ್‌ಗಳಲ್ಲಿ ವೇಗಕ್ಕಿಂತ ಬಲ ಮತ್ತು ನಿಖರತೆ ಮುಖ್ಯವಾದ್ದರಿಂದ ಅವುಗಳಲ್ಲಿ ಬಹುಪಾಲು ಮೌಸರ್‌ನಂತೆ ಮುಂಭಾಗದ ಲಗ್‌ಗಳನ್ನೇ ಉಳಿಸಿಕೊಂಡಿವೆ.