‘ನಿನ್ನಪ್ಪ ಯಾರು?’

ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದ ಸುತ್ತ ಹಿರಿಯರು ಹೇಳುವ ಪ್ರಸಂಗವೊಂದಿದೆ. ಶಿಷ್ಯನಾಗಲು ಬಂದ ಶರೀಫನನ್ನು ಕಳಸದ ಗೋವಿಂದ ಭಟ್ಟರು ನಾಲ್ಕು ಜನರೆದುರೇ ‘ನಿನ್ನಪ್ಪ ಯಾರು?’ ಎಂದು ಕೇಳಿದರಂತೆ. ಕೂಡಿದವರು ನಕ್ಕರು. ಶರೀಫ ಮಾತ್ರ ತಡವರಿಸದೆ, ನಿಮ್ಮಪ್ಪ ಯಾರೋ ನನ್ನಪ್ಪನೂ ಅವನೇ ಎಂದನಂತೆ. ಭಟ್ಟರು ಸಿಟ್ಟಾಗಲಿಲ್ಲ. ಇಂಥ ಉತ್ತರಕ್ಕೇ ಕಾದಿದ್ದವರಂತೆ ಅವನನ್ನು ಜೊತೆಗೆ ಕರೆದುಕೊಂಡರು.

ಅಪ್ಪನ ಹೆಸರು ಹೇಳಿದರೆ ಜಾತಿ ತಿಳಿಯುತ್ತಿದ್ದ ಕಾಲ ಅದು. ಎಲ್ಲಿ ಕೂರಬೇಕು, ಯಾವ ಬಾವಿಯ ನೀರು ಕುಡಿಯಬೇಕು ಎಂಬುದೆಲ್ಲ ಅದರಿಂದಲೇ ತೀರ್ಮಾನವಾಗುತ್ತಿತ್ತು. ಗುರು ಬ್ರಾಹ್ಮಣರು, ಶಿಷ್ಯ ಇಮಾಮ್ ಸಾಹೇಬರ ಮಗ. ಇಬ್ಬರೂ ಊರವರ ನಿಂದೆಗೆ ಗುರಿಯಾದರು. ಭಟ್ಟರು ತಮ್ಮ ಜನಿವಾರವನ್ನೇ ಶಿಷ್ಯನಿಗೆ ತೊಡಿಸಿದರೆಂಬ ಕಥೆಯೂ ಇದೆ. ಕೆಲಕಾಲ ಶಾಲಾ ಮಾಸ್ತರರಾಗಿದ್ದ ಶರೀಫರ (1819–1889) ಗದ್ದುಗೆಗೆ ಇಂದಿಗೂ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ.

ಶರೀಫರ ಉತ್ತರಕ್ಕೆ ಇಂದು ವಿಜ್ಞಾನದ ಬೆಂಬಲವೂ ಇದೆ. ಮಾನವ ಜೀನೋಮ್ ಯೋಜನೆ 2003ರಲ್ಲಿ ಮುಗಿಯಿತು. ಜಗತ್ತಿನ ಯಾವ ಇಬ್ಬರನ್ನು ಹೋಲಿಸಿದರೂ ಅವರ ಡಿಎನ್‌ಎ ಸುಮಾರು ಶೇಕಡಾ 99.9ರಷ್ಟು ಒಂದೇ. ರಕ್ತನಿಧಿಯ ಚೀಲದ ಮೇಲೆ ಎ, ಬಿ, ಎಬಿ ಅಥವಾ ಒ ಗುಂಪನ್ನೂ ಆರ್‌ಎಚ್ ಅಂಶವನ್ನೂ ಬರೆಯುತ್ತಾರೆ, ಜಾತಿಯನ್ನು ಬರೆಯುವುದಿಲ್ಲ. ಪ್ರಾಣಕ್ಕೆ ಬಂದಾಗ ಅದನ್ನು ಯಾರೂ ಕೇಳುವುದೂ ಇಲ್ಲ.

ಆದರೆ ರಕ್ತ ಒಂದೇ ಎಂದು ತಿಳಿದ ಮಾತ್ರಕ್ಕೆ ಬದುಕು ಒಂದಾಗುವುದಿಲ್ಲ. 1970ರಲ್ಲಿ ಅಮೆರಿಕದ ಇಬ್ಬರು ಚಿಂತಕರು ಈ ತೊಡಕನ್ನೇ ಎದುರಿಸಿದರು. ಬಿಳಿಯ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಮತ್ತು ಕಪ್ಪು ಜನಾಂಗದ ಲೇಖಕ ಜೇಮ್ಸ್ ಬಾಲ್ಡ್‌ವಿನ್ ವರ್ಣಭೇದದ ಬಗ್ಗೆ ಸುಮಾರು ಏಳೂವರೆ ಗಂಟೆ ಮನಬಿಚ್ಚಿ ಮಾತಾಡಿದರು. ಅದು 1971ರಲ್ಲಿ ಪುಸ್ತಕವಾಯಿತು. ಹಿಂದಿನವರ ತಪ್ಪಿಗೆ ಇಂದಿನವರು ಹೊಣೆಯೇ ಎಂಬಲ್ಲಿ ಅವರಿಗೆ ಒಮ್ಮತ ಮೂಡಲಿಲ್ಲ. ಆದರೂ ಮಾತು ನಿಲ್ಲಿಸಲಿಲ್ಲ.

ಆ ಪ್ರಶ್ನೆ ನಮಗೂ ದೂರದ್ದಲ್ಲ. ಶಿಗ್ಗಾಂವಿಯ ನೆರೆಯ ಸವಣೂರಿನಲ್ಲಿ 2010ರ ಜುಲೈ 20ರಂದು ಭಂಗಿ ಸಮುದಾಯದ ಕೆಲವರು ಪುರಸಭೆಯೆದುರು ಮೈಮೇಲೆ ಮಲ ಸುರಿದುಕೊಂಡರು. ವಾಸದ ಜಾಗದಿಂದ ತಮ್ಮನ್ನು ಎಬ್ಬಿಸುವ ಯತ್ನದ ವಿರುದ್ಧ ಅವರು ಹೂಡಿದ ಪ್ರತಿಭಟನೆ ಅದು. ಮಲ ಹೊರಿಸುವುದನ್ನು ನಿಷೇಧಿಸುವ ಕಾನೂನು 1993ರಲ್ಲೇ ಬಂದಿತ್ತು. 2013ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂತು. ಬಾಯಿಂದ ಹೇಳಿದ್ದನ್ನು ಕೇಳುವವರಿದ್ದಿದ್ದರೆ ಅವರು ಮೈಯಿಂದ ಹೇಳಬೇಕಾಗುತ್ತಿರಲಿಲ್ಲ.

ಹಾನಗಲ್ಲಿರಲಿ, ಹಿರೇಕೆರೂರಿರಲಿ, ಮಗ ಶಾಲೆಯ ಹೊಸ ಗೆಳೆಯನನ್ನು ಮನೆಗೆ ಕರೆತಂದಾಗ ಒಳಗಿನಿಂದ ಮೆಲ್ಲನೆ ಬರುವ ಪ್ರಶ್ನೆ ಒಂದೇ: ‘ಅವರು ಯಾವ ಮಂದಿ?’ ಗೋವಿಂದ ಭಟ್ಟರು ಕೇಳಿದ್ದೂ ಹೆಚ್ಚುಕಡಿಮೆ ಇದೇ ಪ್ರಶ್ನೆ. ಆದರೆ ಅವರು ಹುಡುಗನ ಎದುರೇ ಕೇಳಿದರು, ಉತ್ತರ ಬರುವವರೆಗೆ ಕಾದರು, ಆಮೇಲೆ ಅವನ ಕೈಹಿಡಿದರು.