ಗಣಕದಲ್ಲಿ ಅಳಿದ ಪಾಠದ ಪುನಃಪ್ರಾಪ್ತಿ ಮತ್ತು ಪರಿಶೋಧನೆ

ಓಲೆಗರಿಯ ಛಾಯಾಪ್ರತಿ, ಲಿಪ್ಯಂತರ, ಪಾಠಾಂತರಗಳ ಪಟ್ಟಿ ಇವೆಲ್ಲವೂ ಇಂದು ಗಣಕಯಂತ್ರದ ಕಡತಗಳಾಗಿಯೇ ಉಳಿಯುತ್ತಿವೆ. ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಿಂದ ಕೆಂಗೇರಿಯವರೆಗಿನ ಅಕ್ಷರಜೋಡಣೆಯ ಮಳಿಗೆಗಳಲ್ಲಿ ಸಿದ್ಧವಾಗುವ ಗ್ರಂಥದ ಕರಡು ಹಲವು ಕೈಗಳನ್ನೂ ಹಲವು ಪೆನ್‌ಡ್ರೈವ್‌ಗಳನ್ನೂ ದಾಟಿ ಮುದ್ರಣಕ್ಕೆ ಹೋಗುತ್ತದೆ. ಈ ಹಾದಿಯಲ್ಲಿ ಕಡತವು ಅಳಿಯುವುದು ಅಪರೂಪವಲ್ಲ. ಅಳಿದುದನ್ನು ಮರಳಿ ಪಡೆಯುವ ಕ್ರಮವನ್ನೂ, ಮರಳಿ ಬಂದುದು ವಿಕೃತವಾಗಿದ್ದರೆ ತೋರಬೇಕಾದ ವಿವೇಕವನ್ನೂ ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಮೊದಲು ನಷ್ಟವನ್ನೂ ನಷ್ಟದ ಭ್ರಮೆಯನ್ನೂ ಬೇರ್ಪಡಿಸಬೇಕು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಕನ್ನಡದ ಅಕ್ಷರರೂಪಗಳಿಗೆ ರೋಮನ್ ಲಿಪಿಯ ಸಂಕೇತಸ್ಥಾನಗಳನ್ನು ಬಳಸಲಾಗಿತ್ತು. ಆ ಫಾಂಟ್ ಇಲ್ಲದ ಗಣಕದಲ್ಲಿ ಕಡತವನ್ನು ತೆರೆದರೆ ಅರ್ಥಹೀನ ಚಿಹ್ನೆಗಳು ಮಾತ್ರ ಕಾಣುತ್ತವೆ. ಇಲ್ಲಿ ಪಾಠವು ಕೆಟ್ಟಿಲ್ಲ, ಓದುವ ಕೀಲಿಯಷ್ಟೇ ಇಲ್ಲ. ಯೂನಿಕೋಡ್‌ಗೆ ಪರಿವರ್ತಿಸಿದ ಬಳಿಕ ‘ಕರ್ಮ’, ‘ಧರ್ಮ’ ಮೊದಲಾದ ಪದಗಳ ಅರ್ಕಾವತ್ತನ್ನೂ ಒತ್ತಕ್ಷರಗಳನ್ನೂ ವಿಶೇಷವಾಗಿ ಪರೀಕ್ಷಿಸಬೇಕು.

ನಿಜವಾಗಿ ಅಳಿಸಿದ ಕಡತವೂ ಕೂಡಲೇ ಇಲ್ಲವಾಗುವುದಿಲ್ಲ. ಸ್ಮೃತಿಪಟ್ಟಿಗಳಲ್ಲಿ ಬಳಕೆಯಲ್ಲಿರುವ ‘ಫ್ಯಾಟ್’ ವ್ಯವಸ್ಥೆಯಲ್ಲಿ ಕಡತವನ್ನು ಅಳಿಸಿದಾಗ ಅನುಕ್ರಮಣಿಕೆಯಲ್ಲಿನ ಅದರ ಹೆಸರಿನ ಮೊದಲ ಅಕ್ಷರದ ಸ್ಥಾನದಲ್ಲಿ ‘ಅಳಿಸಿದೆ’ ಎಂಬ ಗುರುತು ಬೀಳುತ್ತದೆ. ಅದರ ಭಾಗಗಳನ್ನು ಪೋಣಿಸಿದ ಸರಪಳಿಯೂ ಕಡಿದುಹೋಗುತ್ತದೆ. ಒಳಗಿನ ಬರಹವಾದರೋ, ಆ ಸ್ಥಳದಲ್ಲಿ ಬೇರೊಂದನ್ನು ಬರೆಯುವವರೆಗೆ ಹಾಗೆಯೇ ಇರುತ್ತದೆ. ಆದುದರಿಂದ ಕಡತ ಅಳಿದೊಡನೆ ಆ ಸಾಧನದ ಬಳಕೆಯನ್ನು ನಿಲ್ಲಿಸಬೇಕು. ಅದರ ಪೂರ್ಣ ಪ್ರತಿಬಿಂಬವನ್ನು ಮತ್ತೊಂದು ಸಾಧನದಲ್ಲಿ ತೆಗೆದುಕೊಂಡು, ಶೋಧನೆಯನ್ನು ಆ ಪ್ರತಿಬಿಂಬದ ಮೇಲೆಯೇ ನಡೆಸಬೇಕು. ದೊರೆತ ಕಡತಗಳನ್ನು ಮೂಲಸಾಧನಕ್ಕೆ ಬರೆಯಲೇಬಾರದು. ಎಸ್‌ಎಸ್‌ಡಿ ಸಾಧನಗಳಲ್ಲಿ ‘ಟ್ರಿಮ್’ ಎಂಬ ಆಜ್ಞೆಯು ಅಳಿಸಿದ ಸ್ಥಳವನ್ನು ತಾನಾಗಿ ಬರಿದುಮಾಡಿಸುವುದರಿಂದ ಅಲ್ಲಿ ಆಶೆ ಅಲ್ಪ.

‘ಫೋಟೋರೆಕ್’ ಮೊದಲಾದ ಉಪಕರಣಗಳು ಅನುಕ್ರಮಣಿಕೆಯನ್ನು ಅವಲಂಬಿಸದೆ, ಆಯಾ ಬಗೆಯ ಕಡತದ ಆರಂಭದಲ್ಲಿರುವ ನಿಯತ ಸಂಕೇತವನ್ನು ಗುರುತಿಸಿ ಅದನ್ನು ಹೊರತೆಗೆಯುತ್ತವೆ. ಹೀಗೆ ಬಂದ ಕಡತಕ್ಕೆ ಹಿಂದಿನ ಹೆಸರಿರುವುದಿಲ್ಲ. ಆದಕಾರಣ ಗರಿಗಳ ಕ್ರಮವನ್ನು ಚಿತ್ರದೊಳಗೆ ಕಾಣುವ ಗರಿಯಂಕೆಯಿಂದಲೇ ನಿರ್ಣಯಿಸಬೇಕು.

ವಿಕೃತ ಫಲಗಳು ಮೂರು ಬಗೆ. ಚಿತ್ರದ ಕೆಳಭಾಗ ಬೂದುಬಣ್ಣವಾಗಿ ಲುಪ್ತವಾಗಿರುವುದು ಮೊದಲನೆಯದು. ಇದು ಕಣ್ಣಿಗೆ ಕಾಣುವ ತ್ರುಟಿತ. ಒಂದು ಕಡತದ ತುಣುಕು ಮತ್ತೊಂದರಲ್ಲಿ ಸೇರಿರುವುದು ಎರಡನೆಯದು. ತಿದ್ದುಪಡಿಗೆ ಮುಂಚಿನ ಹಳೆಯ ಕರಡೇ ಸುಸ್ಥಿತಿಯಲ್ಲಿ ದೊರೆಯುವುದು ಮೂರನೆಯದು. ನಿರ್ದೋಷವೆಂಬಂತೆ ತೋರುವುದರಿಂದ ಕೊನೆಯದೇ ಹೆಚ್ಚು ಅಪಾಯಕರ.

ಇಲ್ಲಿ ನಮಗೆ ದಾರಿ ತೋರುವುದು ಗ್ರಂಥಸಂಪಾದನೆಯ ಪರಂಪರೆಯೇ. ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯ ತಾಡಪತ್ರಗಳು ಮೂಡುಬಿದಿರೆಯಲ್ಲಿ ಉಳಿದುಬಂದವು. ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಲ್ಲಿ ಅದರ ಮೊದಲ ಸಂಪುಟವು ಹೊರಬಂದಾಗ ಆಧಾರವಾಗಿದ್ದುವು ಪ್ರತಿಯಿಂದ ಪ್ರತಿಗೆ ಇಳಿದ ಕಾಗದದ ಹಸ್ತಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವು ಅವುಗಳಲ್ಲಿರಲಿಲ್ಲ. ಅದು ಇರಬೇಕೆಂಬ ಊಹೆಯನ್ನು ಸಂಪಾದಕರು ಮೂಲದೊಳಗೆ ಸೇರಿಸದೆ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ತಾಡಪತ್ರದೊಡನೆ ಹೋಲಿಸಿದಾಗ ಆ ಪದವು ಅಲ್ಲಿ ದೊರೆಯಿತು. ಒಂದೇ ಪದದ ಲೋಪವು ವಿದ್ವಾಂಸರ ನಡುವೆ ಎಷ್ಟು ದೀರ್ಘವಾದ ವಿವಾದಕ್ಕೆ ಎಡೆಗೊಟ್ಟಿತೆಂಬುದು ಸುವಿದಿತ.

ಗಣಕದಿಂದ ಮರಳಿ ಬಂದ ಕಡತವೂ ಇಂತಹ ಒಂದು ಪ್ರತ್ಯಂತರವೇ ಹೊರತು ಮೂಲವಲ್ಲ. ಅದನ್ನು ಪ್ರತ್ಯೇಕ ಸಂಕೇತಾಕ್ಷರದಿಂದ ಗುರುತಿಸಿ, ಗರಿಯೊಡನೆ ಅಥವಾ ಅಳಿಯದ ಹಿಂದಿನ ಪ್ರತಿಯೊಡನೆ ಸಾಲುಸಾಲಾಗಿ ಹೋಲಿಸಬೇಕು. ಲುಪ್ತಭಾಗವನ್ನು ಊಹೆಯಿಂದ ತುಂಬದೆ ತ್ರುಟಿತವೆಂದೇ ತೋರಿಸಬೇಕು. ಶುದ್ಧವೆಂದು ನಿರ್ಣಯವಾದ ಕಡತಕ್ಕೆ ಎಸ್‌ಎಚ್‌ಎ-256 ವಿಧಾನದ ಪರಿಶೀಲನಾಂಕವನ್ನು ಗಣಿಸಿ ಬರೆದಿಟ್ಟರೆ, ಮುಂದೆ ಒಂದಕ್ಷರ ವ್ಯತ್ಯಾಸವಾದರೂ ತಿಳಿಯುತ್ತದೆ. ಕಡತಗಳನ್ನು ಬೇರೆ ಬೇರೆ ಸ್ಥಳಗಳಲ್ಲಿ ಮೂರು ಪ್ರತಿಗಳಾಗಿ ರಕ್ಷಿಸುವುದು ಒಳಿತು. ಛಾಯಾಪ್ರತಿ ಸಿದ್ಧವಾಯಿತೆಂದು ಓಲೆಗರಿಯನ್ನು ಉಪೇಕ್ಷಿಸುವುದಂತೂ ಸರ್ವಥಾ ಸಲ್ಲದು. ಸಂಶಯ ಬಂದಾಗ ಕೊನೆಯ ಪ್ರಮಾಣ ಅದೇ.