ಕಾಲು ಇಂಚನ್ನು 6.35 ಎಂದು ಬರೆದರೆ ಏನಾಗುತ್ತದೆ?

ಮೊಬೈಲ್ ಟ್ರೈಪಾಡ್ ತಲೆಯ ಮೇಲೊಂದು ಪುಟ್ಟ ಸ್ಕ್ರೂ ಇರುತ್ತದಲ್ಲ, ಅದರ ಅಳತೆ ಎಷ್ಟು ಗೊತ್ತೇ? ಸಾಮಾನ್ಯವಾಗಿ ಕಾಲು ಇಂಚು. ಕ್ಯಾಮೆರಾ ಜಪಾನಿನದಾಗಿದ್ದರೂ ಆ ಸ್ಕ್ರೂ ಮಾತ್ರ ಇಂಚಿನ ಲೆಕ್ಕದ್ದೇ. ಕಂಪ್ಯೂಟರ್ ಕ್ಯಾಬಿನೆಟ್ ಬಿಚ್ಚಿದವರಿಗೂ ಈ ವಿಷಯ ಗೊತ್ತಿರುತ್ತದೆ. ಮೂರೂವರೆ ಇಂಚಿನ ಹಾರ್ಡ್ ಡಿಸ್ಕ್‌ಗೆ ಹಾಕುವ ಸ್ಕ್ರೂ ಎರಡೂವರೆ ಇಂಚಿನ ಎಸ್‌ಎಸ್‌ಡಿಗೆ ಕೂರುವುದಿಲ್ಲ. ಮೊದಲನೆಯದು ಇಂಚಿನ 6-32, ಎರಡನೆಯದು ಮೆಟ್ರಿಕ್‌ನ ಎಂ3.

ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಗೆ 1956ರಲ್ಲೇ ಕಾನೂನು ಬಂತು. ಆದರೂ ಹಾರ್ಡ್‌ವೇರ್ ಅಂಗಡಿಗೆ ಹೋದರೆ ನಾವು ಕೇಳುವುದು 'ಅರ್ಧ ಇಂಚಿನ ನಲ್ಲಿ'ಯನ್ನೇ. ಆ ನಲ್ಲಿಯ ಥ್ರೆಡ್‌ ಮೇಲೆ ವರ್ನಿಯರ್ ಕ್ಯಾಲಿಪರ್ ಇಟ್ಟು ನೋಡಿ. ಅರ್ಧ ಇಂಚು ಅಂದರೆ 12.7 ಮಿ.ಮೀ. ಬರಬೇಕಿತ್ತು, ಬರುವುದು ಸುಮಾರು 21 ಮಿ.ಮೀ.! ಪೈಪ್ ಥ್ರೆಡ್‌ನಲ್ಲಿ 'ಅರ್ಧ ಇಂಚು' ಎನ್ನುವುದು ಅದರ ಹೆಸರು, ಅಳತೆಯಲ್ಲ.

ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಯುವ ನಾವು ನೆನಪಿಡಬೇಕಾದದ್ದು ಇದನ್ನೇ. ಶೀಟಿನ ಕೆಳಗೆ 'ಎಲ್ಲ ಅಳತೆಗಳೂ ಮಿ.ಮೀ.ನಲ್ಲಿ' ಎಂದು ಬರೆದಿರುತ್ತೇವೆ. ಭಾಗದ ಉದ್ದ, ಅಗಲ, ದಪ್ಪಗಳನ್ನು ಇಂಚಿನಿಂದ ಮಿ.ಮೀ.ಗೆ ಬದಲಾಯಿಸಬಹುದು, 25.4ರಿಂದ ಗುಣಿಸಿದರಾಯಿತು. ಆದರೆ ಥ್ರೆಡ್ ಇರುವ ತೂತಿಗೆ ಈ ಲೆಕ್ಕ ಸಲ್ಲದು. ಥ್ರೆಡ್ ಎಂದರೆ ವ್ಯಾಸವೊಂದೇ ಅಲ್ಲ. ಒಂದು ಸುತ್ತಿಗೆ ಬೋಲ್ಟ್ ಎಷ್ಟು ಮುಂದೆ ಸಾಗುತ್ತದೆ ಎಂಬ ಪಿಚ್, ಹಲ್ಲಿನ ಕೋನ, ಎಷ್ಟು ಸಡಿಲ ಇರಬಹುದು ಎಂಬ ದರ್ಜೆ, ಇವೆಲ್ಲ ಸೇರಿ ಒಂದು ಥ್ರೆಡ್. ಕಾಲು ಇಂಚಿನ ಥ್ರೆಡ್ಡನ್ನು ಬರೀ '6.35' ಎಂದು ಬರೆದರೆ ವರ್ಕ್‌ಶಾಪ್‌ನವರಿಗೆ ಅದು ಯಾವ ಥ್ರೆಡ್ ಎಂದೇ ತಿಳಿಯದು. ಹತ್ತಿರದ್ದು ಎಂದು ಎಂ6 ಟ್ಯಾಪ್ ಹೊಡೆದರೆ ಆ ಭಾಗ ಗುಜರಿಗೆ.

ಇದಕ್ಕಿಂತ ಮೋಸದ ಜೋಡಿ ಇನ್ನೊಂದಿದೆ. ಎಂ8 ಬೋಲ್ಟಿನ ವ್ಯಾಸ 8 ಮಿ.ಮೀ., 5/16 ಇಂಚಿನದು 7.94 ಮಿ.ಮೀ. ಕಣ್ಣಿಗೆ ವ್ಯತ್ಯಾಸ ಕಾಣುವುದೇ ಇಲ್ಲ. ಆದರೆ ಎಂ8ರ ಸಾಮಾನ್ಯ ಪಿಚ್ 1.25 ಮಿ.ಮೀ., ಇಂಚಿಗೆ 18 ಹಲ್ಲು ಇರುವ 5/16ರ ಪಿಚ್ 1.41 ಮಿ.ಮೀ. ಒಂದನ್ನು ಇನ್ನೊಂದಕ್ಕೆ ಹಾಕಿದರೆ ಮೊದಲ ಸುತ್ತು ಹೋದಂತೆ ಅನಿಸುತ್ತದೆ, ಆಮೇಲೆ ಬಿಗಿಯುತ್ತದೆ. ಸ್ಪ್ಯಾನರ್ ಹಾಕಿ ಬಲವಂತ ಮಾಡಿದರೆ ಥ್ರೆಡ್ ಕಿತ್ತುಬರುತ್ತದೆ. ಕೆಲವೇ ಹಲ್ಲುಗಳ ಮೇಲೆ ನಿಂತ ಬೋಲ್ಟ್ ಯಂತ್ರ ಓಡುವಾಗ ಕೈಕೊಟ್ಟರೆ ಪಕ್ಕದಲ್ಲಿ ನಿಂತವರ ಗತಿ ಏನು?

ಇಂಚು ಎಂದರೂ ಒಂದೇ ಇಂಚಲ್ಲ. ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ 55 ಡಿಗ್ರಿ ಕೋನದ ಥ್ರೆಡ್ ಪದ್ಧತಿಯನ್ನು ಮುಂದಿಟ್ಟರು. ಅಮೆರಿಕ ಹಿಡಿದದ್ದು 60 ಡಿಗ್ರಿ. ಎರಡನೇ ಮಹಾಯುದ್ಧದಲ್ಲಿ ಒಂದೇ ಪಕ್ಷದಲ್ಲಿದ್ದ ಈ ದೇಶಗಳ ನಟ್ಟು ಬೋಲ್ಟು ಒಂದಕ್ಕೊಂದು ಹೊಂದದೆ ಪರದಾಟವಾಯಿತು. ಕೊನೆಗೆ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಸೇರಿ 'ಯೂನಿಫೈಡ್' ಥ್ರೆಡ್ಡಿಗೆ ಒಪ್ಪಿದವು. ಯುಎನ್‌ಸಿ ಎಂಬುದರಲ್ಲಿರುವ 'ಯುಎನ್' ಅದೇ.

ಹಾಗಾದರೆ ಡ್ರಾಯಿಂಗ್‌ನಲ್ಲಿ ಬರೆಯುವುದು ಹೇಗೆ? ನಿಯಮ ಸರಳ: ಪ್ರತಿ ಥ್ರೆಡ್ಡನ್ನೂ ಅದರದೇ ಪದ್ಧತಿಯ ಹೆಸರಿನಿಂದ ಕರೆಯಿರಿ. ಮೆಟ್ರಿಕ್ ಆದರೆ 'ಎಂ8×1.25-6ಎಚ್'. ಇಂಚಿನದಾದರೆ 'ಕಾಲು-20 ಯುಎನ್‌ಸಿ-2ಬಿ'. ಕಾಲನ್ನು ಮಾತ್ರ 1/4 ಎಂದು ಅಂಕಿಯಲ್ಲೇ ಬರೆಯಿರಿ. ಇಲ್ಲಿ 20 ಎಂದರೆ ಇಂಚಿಗೆ ಇಪ್ಪತ್ತು ಹಲ್ಲು. 6ಎಚ್, 2ಬಿ ಎರಡೂ ಒಳಥ್ರೆಡ್ಡಿನ ದರ್ಜೆಗಳು. ಶೀಟು ಮಿ.ಮೀ.ನಲ್ಲಿದ್ದರೆ ಆ ತೂತಿನ ಆಳವನ್ನೂ ಜಾಗವನ್ನೂ ಮಿ.ಮೀ.ನಲ್ಲೇ ಕೊಡಿ, ಥ್ರೆಡ್ಡಿನ ಹೆಸರನ್ನು ಮಾತ್ರ ಮುಟ್ಟಬೇಡಿ. ಒಂದೇ ಭಾಗದಲ್ಲಿ ಎರಡೂ ಬಗೆಯ ತೂತುಗಳಿದ್ದರೆ ಎ, ಬಿ ಎಂದು ಗುರುತು ಹಾಕಿ ಒಂದು ಪಟ್ಟಿ ಮಾಡಿ, 'ಇಂಚಿನ ಥ್ರೆಡ್‌ಗಳಿವೆ, ಗಮನಿಸಿ' ಎಂದು ಎದ್ದು ಕಾಣುವಂತೆ ಬರೆಯಿರಿ. ಹೊಸ ವಿನ್ಯಾಸವಾದರೆ ಪೂರ್ತಿ ಮೆಟ್ರಿಕ್ ಇರಲಿ. ಜೋಡಿಸಬೇಕಾದ ಭಾಗವೇ ಇಂಚಿನದಾಗಿದ್ದರೆ ಮಾತ್ರ ಇಂಚು ಬಳಸಿ.

'ಇದೆಲ್ಲ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ' ಎನ್ನುವ ಗೆಳೆಯರಿದ್ದಾರೆ. ಯೂನಿಟ್ ಬದಲಿಸಿದರೆ ಕ್ಯಾಡ್ ಅಂಕಿಗಳನ್ನು ಬದಲಿಸುತ್ತದೆ ನಿಜ. ಆದರೆ ನಿಜವಾದ ಬೋಲ್ಟ್ ಯಾವುದು ಎಂದು ಅದಕ್ಕೆ ಹೇಗೆ ಗೊತ್ತು? ಆಯ್ಕೆ ಮಾಡಬೇಕಾದವರು ನಾವೇ.

ಡಿಸೈನ್ ಅಥವಾ ಕ್ವಾಲಿಟಿ ವಿಭಾಗದ ಕೆಲಸ ಹುಡುಕುವವರು ಇದನ್ನು ಪುಸ್ತಕದಲ್ಲಿ ಓದಿ ಬಿಡಬೇಡಿ. ಅಮೆರಿಕದ ಗ್ರಾಹಕರಿಗೆ ಬಿಡಿಭಾಗ ಮಾಡಿಕೊಡುವ ಕಡೆ ಇಂಚಿನ ಡ್ರಾಯಿಂಗ್ ಎದುರಾಗುವುದು ಮಾಮೂಲು. ಕಾಲೇಜಿನ ವರ್ಕ್‌ಶಾಪ್‌ನಲ್ಲಿ ಥ್ರೆಡ್ ಪಿಚ್ ಗೇಜ್ ಕೇಳಿ ಪಡೆದು, ಸಿಕ್ಕಸಿಕ್ಕ ಹತ್ತು ಬೋಲ್ಟುಗಳ ಹೆಸರು ಹೇಳಲು ಪ್ರಯತ್ನಿಸಿ. ಅನುಮಾನ ಬಂದರೆ ಅಲ್ಲಿನ ಫಿಟ್ಟರ್ ಅಣ್ಣನನ್ನು ಕೇಳಿ. ಅರ್ಧ ಗಂಟೆಯ ಈ ಅಭ್ಯಾಸ ಸಂದರ್ಶನದಲ್ಲೂ ನೆರವಿಗೆ ಬರುತ್ತದೆ, ಆಮೇಲೆ ಕೆಲಸದಲ್ಲೂ.